ಜರ್ಮೇನಿಯಂ ಧಾತುವೂ ಅದರ ‘ಸಾವಯವ’ ಪುಡಿಯೂ
(ನಮ್ಮ ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೂ ರಸಾಯನಶಾಸ್ತ್ರಕ್ಕೂ ಎಲ್ಲಿಯ ನಂಟು ಎಂದು ತಮ್ಮಲ್ಲಿ ಕೆಲವರಾದರೂ ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತಿರಬಹುದು. ನಾವು ಬಿ.ಕಾಂ. ಓದಿದವರು, ಜಮಾ-ಖರ್ಚು ನಮ್ಮ ವಿದ್ಯೆ, ಠಸ್ಸೆ ಒತ್ತುವುದು ನಮ್ಮ ವೃತ್ತಿ. ಈ ಪುಡಿಯ ವಿಷಯ ನಮ್ಮ ಮೇಜಿಗೆ ಬಂದದ್ದು ಒಂದು ಠೇವಣಿ ಚೀಟಿಯ ಬೆನ್ನು ಹತ್ತಿ. ಆ ಸಂಗತಿಯನ್ನು ಅದರ ಸ್ಥಳದಲ್ಲಿ ಹೇಳುತ್ತೇವೆ. ಮೊದಲು ಧಾತುವಿನ ಪರಿಚಯವಾಗಲಿ.

ಜರ್ಮೇನಿಯಂ ಸಿಕ್ಕಿದ ಕಥೆ ಯಾವ ಗುಮಾಸ್ತನಿಗಾದರೂ ಮೆಚ್ಚುಗೆಯಾಗತಕ್ಕದ್ದು. ಏಕೆಂದರೆ ಅದು ಲೆಕ್ಕ ತಾಳೆಯಾಗದಿದ್ದ ಕಥೆ. ೧೮೮೫ರಲ್ಲಿ ಜರ್ಮನಿಯ ಫ್ರೈಬರ್ಗ್ ಊರಿನ ಬಳಿಯ ಬೆಳ್ಳಿಯ ಗಣಿಯೊಂದರಲ್ಲಿ ಹೊಸ ಬಗೆಯ ಅದಿರು ಸಿಕ್ಕಿತು. ಅದಕ್ಕೆ ಆರ್ಜಿರೋಡೈಟ್ ಎಂದು ಹೆಸರಿಟ್ಟರು. ಅಲ್ಲಿನ ಗಣಿಶಾಸ್ತ್ರದ ಕಾಲೇಜಿನಲ್ಲಿದ್ದ ಕ್ಲೆಮೆನ್ಸ್ ವಿಂಕ್ಲರ್ ಎಂಬ ರಸಾಯನಜ್ಞರು ಅದನ್ನು ಬಿಡಿಸಿ ತೂಗಿ ನೋಡಿದರು. ನೂರು ಪಾಲಿನಲ್ಲಿ ಬೆಳ್ಳಿ ಸುಮಾರು ೭೫, ಗಂಧಕ ಸುಮಾರು ೧೭, ಕಬ್ಬಿಣ ಪಾದರಸ ಸತುವು ಮೊದಲಾದವು ಚೂರುಪಾರು. ಎಲ್ಲ ಕೂಡಿಸಿದರೂ ೯೩. ಉಳಿದ ೭ ಪಾಲು ಎಲ್ಲಿ ಹೋಯಿತು? ಮತ್ತೆ ತೂಗಿದರು, ಮತ್ತೆ ಅದೇ ೭ ಕೊರತೆ. ನಮ್ಮಂಥವರಾಗಿದ್ದರೆ ‘ಸಸ್ಪೆನ್ಸ್ ಖಾತೆ’ಗೆ ಹಾಕಿ ಮನೆಗೆ ಹೋಗುತ್ತಿದ್ದೆವು. ಆ ಪುಣ್ಯಾತ್ಮರು ಹಾಗೆ ಮಾಡಲಿಲ್ಲ. ತಿಂಗಳುಗಟ್ಟಲೆ ಅದಿರಿನ ಮುಂದೆ ಕುಳಿತು, ೧೮೮೬ರ ಫೆಬ್ರುವರಿ ೬ರಂದು ಆ ಕೊರತೆಯ ಏಳು ಪಾಲನ್ನು ಹಿಡಿದೇ ಹಿಡಿದರು. ಅದು ಅದುವರೆಗೆ ಯಾರೂ ಕಾಣದ ಧಾತು. ತಮ್ಮ ದೇಶದ ಹೆಸರನ್ನೇ ಅದಕ್ಕಿಟ್ಟರು.

ಯಾರೂ ಕಾಣದ್ದು ಎಂದೆವು. ಆದರೆ ಕಾಣದೆಯೇ ಅದನ್ನು ಬಲ್ಲವರೊಬ್ಬರಿದ್ದರು. ರಷ್ಯದ ಮೆಂಡಲೀವರು ಧಾತುಗಳನ್ನೆಲ್ಲ ತೂಕದ ಕ್ರಮದಲ್ಲಿ ಸಾಲಿಗೆ ಕೂರಿಸಿದಾಗ, ಸಿಲಿಕಾನಿನ ಕೆಳಗೆ ಒಂದು ಮಣೆ ಖಾಲಿ ಉಳಿಯಿತು. ೧೮೭೧ರಲ್ಲಿ ಅವರು, ‘ಇಲ್ಲಿಗೆ ಬರತಕ್ಕವನು ಇನ್ನೂ ಬಂದಿಲ್ಲ’ ಎಂದು ಸಾರಿ ಆ ಖಾಲಿ ಮಣೆಗೆ ‘ಏಕ-ಸಿಲಿಕಾನ್’ ಎಂದು ಹೆಸರಿಟ್ಟರು. ಇದು ಸಂಸ್ಕೃತದ ನಮ್ಮ ‘ಏಕ’ವೇ. ಬರುವ ಅತಿಥಿಯ ಪರಮಾಣು ತೂಕ ೭೨ ಇದ್ದೀತು ಎಂದರು. ಈಗಿನ ಲೆಕ್ಕದಲ್ಲಿ ೭೨.೬೩. ನೀರಿನ ಐದೂವರೆ ಪಟ್ಟು ಭಾರ ಎಂದರು, ಬಂದದ್ದು ೫.೩೫. ಅದಕ್ಕಿಂತ ವಿಸ್ಮಯದ್ದು ಇನ್ನೊಂದುಂಟು. ಆ ಧಾತುವಿನ ಜೊತೆ ಇಂಗಾಲದ ಈಥೈಲ್ ಗುಂಪು ನಾಲ್ಕು ಸೇರಿದರೆ ಆಗುವ ದ್ರವ ೧೬೦ ಡಿಗ್ರಿಯಲ್ಲಿ ಕುದಿಯಬೇಕೆಂದೂ ಬರೆದಿಟ್ಟಿದ್ದರು. ೧೮೮೭ರಲ್ಲಿ ವಿಂಕ್ಲರ್ ಆ ದ್ರವವನ್ನು ತಯಾರಿಸಿ ನೋಡಿದರೆ ಅದು ೧೬೦ ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯಿತು! ಜರ್ಮೇನಿಯಮ್ಮಿನ ಮೊತ್ತಮೊದಲ ಸಾವಯವ ಸಂಯುಕ್ತ ಅದೇ. ಮಗು ಹುಟ್ಟುವ ಮೊದಲೇ ಮೊಮ್ಮಗನ ಜಾತಕ ಬರೆದಂತಾಯಿತು.

ಆಮೇಲೆ ಅರವತ್ತು ವರ್ಷ ಈ ಧಾತುವನ್ನು ಕೇಳುವವರಿರಲಿಲ್ಲ. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೆನ್ ಎಂಬಿಬ್ಬರು ಜರ್ಮೇನಿಯಮ್ಮಿನ ತುಣುಕಿನ ಮೇಲೆ ಮೊದಲ ಟ್ರಾನ್ಸಿಸ್ಟರನ್ನು ಕಟ್ಟಿದರು. ನಮ್ಮ ತಂದೆ-ತಾತಂದಿರ ಕಾಲದಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಹೊಲಕ್ಕೂ ಜಾತ್ರೆಗೂ ಒಯ್ಯುತ್ತಿದ್ದರಲ್ಲ, ಆ ಹಳೆಯ ಟ್ರಾನ್ಸಿಸ್ಟರು ರೇಡಿಯೋಗಳಲ್ಲಿ ಹಲವದರ ಹೊಟ್ಟೆಯಲ್ಲಿದ್ದದ್ದು ಈ ಧಾತುವೇ. ಪರದೇಶದಲ್ಲಿದ್ದ ಕನ್ನಡಿಗರಿಗೆ ಧಾರವಾಡದ ಮಾತನ್ನು ರಾತ್ರಿ ಹೊತ್ತು ಗೊರಗೊರ ಸದ್ದಿನ ನಡುವೆ ತಲಪಿಸಿದ್ದರಲ್ಲಿ ಇದಕ್ಕೂ ಪಾಲುಂಟು. ಬಿಸಿ ತಾಳದು ಎಂಬ ದೋಷದಿಂದ ಮುಂದೆ ಸಿಲಿಕಾನಿಗೆ ಸ್ಥಾನ ಬಿಟ್ಟುಕೊಟ್ಟಿತು. ಹಾಗೆಂದು ಅದರ ಕಾಲ ಮುಗಿಯಲಿಲ್ಲ. ದೂರವಾಣಿಯ ಗಾಜಿನ ಎಳೆಗಳಲ್ಲಿಯೂ, ಕತ್ತಲಲ್ಲಿ ಕಾಣಿಸುವ ಕ್ಯಾಮೆರಾಗಳ ಮಸೂರಗಳಲ್ಲಿಯೂ ಇಂದು ಅದೇ ಇದೆ.

ಈಗ ಸಾವಯವ ಪುಡಿಯ ಮಾತು. ಜಪಾನಿನ ಕಾಜುಹಿಕೋ ಅಸಾಯಿ ಎಂಬ ಎಂಜಿನಿಯರು ಕಲ್ಲಿದ್ದಲಿನ ಸಂಶೋಧನೆಯಲ್ಲಿ ತೊಡಗಿದ್ದವರು. ಕಲ್ಲಿದ್ದಲಿನಲ್ಲಿ ಜರ್ಮೇನಿಯಂ ಅಲ್ಪಸ್ವಲ್ಪ ಇರುವುದುಂಟು. ಇದ್ದಲು ಹಳೆಯ ಮರಗಿಡವಲ್ಲವೆ, ಹಾಗಾದರೆ ಜೀವಕ್ಕೂ ಈ ಧಾತುವಿಗೂ ಏನೋ ಬಾಂಧವ್ಯವಿರಬೇಕು ಎಂಬ ಆಲೋಚನೆ ಅವರ ತಲೆ ಹೊಕ್ಕಿತು. ೧೯೬೭ರಲ್ಲಿ ಅವರ ಬಳಗದವರು ನೀರಿನಲ್ಲಿ ಕರಗುವ ಒಂದು ಸಂಯುಕ್ತವನ್ನು ಸಿದ್ಧಪಡಿಸಿದರು. ‘ಜಿಇ-೧೩೨’ ಎಂಬ ಅಂಕಿತದಿಂದ ಪ್ರಸಿದ್ಧವಾದದ್ದು ಅದು. ಅದನ್ನು ಅಸಾಯಿಯವರು ತಮ್ಮ ಕಾಯಿಲೆಗೇ ಮೊದಲು ತೆಗೆದುಕೊಂಡರಂತೆ, ಗುಣ ಕಂಡರಂತೆ. ಮುಂದೆ ಪುಸ್ತಕ ಬರೆದರು. ೧೯೮೦ರಲ್ಲಿ ಅದು ಇಂಗ್ಲಿಷಿನಲ್ಲಿ ಬಂದು ಲೋಕವೆಲ್ಲ ಸುತ್ತಿತು. ಕ್ಯಾನ್ಸರ್, ಸಂಧಿವಾತ, ರಕ್ತದೊತ್ತಡ, ಆ ಪುಸ್ತಕದ ಪ್ರಕಾರ ಈ ಪುಡಿಗೆ ಬಾಗದ ರೋಗವೇ ವಿರಳ. ಒಂದೇ ಕೀಲಿಕೈಯಿಂದ ಊರಿನ ಬೀಗಗಳೆಲ್ಲ ತೆರೆಯುತ್ತವೆ ಎಂದು ಯಾರಾದರೂ ಹೇಳಿದರೆ ತಿಜೋರಿ ಕಾಯುವ ನಮಗೆ ಸ್ವಲ್ಪ ಕಸಿವಿಸಿಯಾಗುವುದು ಸಹಜ.

ಪುಡಿಯ ಗುಣಗಳನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. ಅವು ಅಳೆದು ನೋಡಿದವು. ಬಿಳಿಯ ಹರಳುಪುಡಿ. ಕಾಯಿಸಿದರೆ ಕರಗಿ ದ್ರವವಾಗುವುದಿಲ್ಲ, ಮುರಿದುಹೋಗುತ್ತದೆ. ನೂರು ಮಿಲಿಲೀಟರು ನೀರಿನಲ್ಲಿ ಸುಮಾರು ಒಂದು ಗ್ರಾಂ ಕರಗುತ್ತದೆ. ಕರಗಿದ ನೀರು ಸ್ವಲ್ಪ ಹುಳಿ. ಅದರ ಮೈಕಟ್ಟು ಹೀಗೆ: ಪ್ರತಿಯೊಂದು ಜರ್ಮೇನಿಯಂ ಪರಮಾಣುವಿಗೂ ಇಂಗಾಲದ ಒಂದು ಬಾಲ, ಬಾಲದ ತುದಿಯಲ್ಲಿ ಆಮ್ಲದ ಗುಂಪು. ಪರಮಾಣುಗಳು ಆಮ್ಲಜನಕದ ಸೇತುವೆಗಳಿಂದ ಒಂದಕ್ಕೊಂದು ಕೈಹಿಡಿದು ಬಲೆಯಂತೆ ಹೆಣೆದುಕೊಂಡಿವೆ. ಸೇತುವೆಯ ಆಮ್ಲಜನಕ ಇಬ್ಬರು ಪಾಲುಗಾರರ ಜಂಟಿ ಖಾತೆಯಲ್ಲಿರುವುದರಿಂದ, ತಲೆಗೆ ಒಂದೂವರೆ ಬೀಳುತ್ತದೆ. ‘ಸೆಸ್ಕ್ವಿ ಆಕ್ಸೈಡ್’ ಎಂಬ ಬಾಯಿ ತಿರುಗದ ಹೆಸರಿನ ಅರ್ಥ ಇಷ್ಟೇ: ಲ್ಯಾಟಿನ್ನಿನಲ್ಲಿ ಸೆಸ್ಕ್ವಿ ಎಂದರೆ ಒಂದೂವರೆ. ಇದನ್ನು ತಯಾರಿಸುವುದು ಜರ್ಮೇನಿಯಂ ಡೈಆಕ್ಸೈಡಿನಿಂದ. ಅದನ್ನು ಆಮ್ಲಗಳಿಂದ ಕ್ಲೋರಿನ್ನಿನ ಸಂಯುಕ್ತವಾಗಿ ಮಾರ್ಪಡಿಸಿ, ಅಕ್ರಿಲಿಕ್ ಆಮ್ಲದೊಡನೆ ಕೂಡಿಸಿ, ಕೊನೆಗೆ ನೀರಿನಲ್ಲಿ ಬಿಡಿಸುತ್ತಾರೆ. ಡೈಆಕ್ಸೈಡ್ ಎಂಬ ಈ ಕಚ್ಚಾಮಾಲಿನ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಬರುವ ಅನಾಹುತಕ್ಕೆಲ್ಲ ಅದೇ ಮೂಲ.

ಪುಡಿಯಿಂದ ಏನೂ ಉಪಯೋಗವಿಲ್ಲವೆ ಎಂದರೆ ಹಾಗಲ್ಲ. ನೀರಿನಲ್ಲಿ ಕರಗಿದಾಗ ಅದು ಕೆಲವು ಸಕ್ಕರೆಗಳನ್ನು ಹಿಡಿದುಕೊಳ್ಳುತ್ತದೆ. ಗ್ಲೂಕೋಸಿಗಿಂತ ಫ್ರಕ್ಟೋಸನ್ನು ಬಿಗಿಯಾಗಿ. ಗ್ಲೂಕೋಸನ್ನು ಕಿಣ್ವದಿಂದ ಫ್ರಕ್ಟೋಸಾಗಿ ತಿರುಗಿಸುವಾಗ ಅರ್ಧದಾರಿಗೆ ಕೆಲಸ ನಿಂತುಬಿಡುತ್ತದೆ. ಈ ಪುಡಿಯಿದ್ದರೆ ಹುಟ್ಟಿದ ಫ್ರಕ್ಟೋಸನ್ನು ಅದು ಬದಿಗೆ ಎಳೆದಿಟ್ಟುಕೊಳ್ಳುವುದರಿಂದ ಕೆಲಸ ಇನ್ನೂ ಮುಂದೆ ಸಾಗುತ್ತದೆ. ಇದರ ಹತ್ತಿರದ ಬಂಧು ‘ಪ್ರೊಪಜರ್ಮೇನಿಯಂ’ ಎಂಬುದನ್ನು ಜಪಾನಿನಲ್ಲಿ ೧೯೯೪ರಲ್ಲಿ ಬಿ-ವರ್ಗದ ಕಾಮಾಲೆಗೆ ಔಷಧಿಯೆಂದು ಒಪ್ಪಿದರು. ದಿನಕ್ಕೆ ೩೦ ಮಿಲಿಗ್ರಾಂ ಮಾತ್ರ, ಅದೂ ವೈದ್ಯರ ಚೀಟಿಯ ಮೇಲೆ. ಅದರಲ್ಲಿಯೂ ಕೆಲವು ರೋಗಿಗಳಿಗೆ ಯಕೃತ್ತಿನ ಉರಿ ದಿಢೀರನೆ ಉಲ್ಬಣಿಸಿದ್ದರಿಂದ ಕಟ್ಟೆಚ್ಚರಿಕೆ ಕೊಡಬೇಕಾಯಿತು. ಸ್ಪೈರೋಜರ್ಮೇನಿಯಂ ಎಂಬ ಇನ್ನೊಂದನ್ನು ಕ್ಯಾನ್ಸರಿಗೆಂದು ಅಮೆರಿಕದಲ್ಲಿ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ಫಲ ಕಡಿಮೆ, ನರಗಳಿಗೂ ಶ್ವಾಸಕೋಶಕ್ಕೂ ಹಾನಿ ಹೆಚ್ಚು ಎಂದು ಕೈಬಿಟ್ಟರು. ಐಸೊಬ್ಯುಟೈಲ್ ಜರ್ಮೇನ್ ಎಂಬ ದ್ರವವಂತೂ ಔಷಧದ ಗೊಡವೆಗೇ ಹೋಗದೆ, ಕಂಪ್ಯೂಟರಿನ ಚಿಪ್ಪುಗಳ ಮೇಲೆ ಜರ್ಮೇನಿಯಮ್ಮಿನ ತೆಳುಪದರ ಹಚ್ಚುವ ಕೆಲಸಕ್ಕೆ ಬರುತ್ತದೆ. ವಿಷಾನಿಲವಾದ ಜರ್ಮೇನಿಗಿಂತ ಅದನ್ನು ಕೈಯಲ್ಲಿ ಹಿಡಿಯುವುದು ಸುಲಭ.

ಜಿಇ-೧೩೨ರ ಹೆಸರಿನಲ್ಲಿ ಹೇಳುವ ಅತಿ ದೊಡ್ಡ ಮಾತು ಆಮ್ಲಜನಕದ್ದು. ‘ಇದರಲ್ಲಿ ಆಮ್ಲಜನಕ ತುಂಬಿದೆ, ದೇಹಕ್ಕೆ ಅದನ್ನು ಒದಗಿಸುತ್ತದೆ’ ಎನ್ನುತ್ತಾರೆ. ಇಲ್ಲಿ ನಮಗೆ ರಸಾಯನಶಾಸ್ತ್ರ ಬೇಡ, ಕೂಡು-ಕಳೆ ಸಾಕು. ಸೇತುವೆಗಳಲ್ಲಿರುವ ಆಮ್ಲಜನಕ ಒಟ್ಟು ತೂಕದಲ್ಲಿ ನೂರಕ್ಕೆ ೧೪ ಪಾಲು. ಒಂದು ಗ್ರಾಂ ಪುಡಿಯಲ್ಲಿ ೦.೧೪ ಗ್ರಾಂ ಆಯಿತು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಸುಮಾರು ೨೫೦ ಮಿಲಿಲೀಟರು, ಎಂದರೆ ೦.೩೬ ಗ್ರಾಮಿನಷ್ಟು ಆಮ್ಲಜನಕ ಬಳಸುತ್ತಾನೆ. ಪುಡಿ ತನ್ನ ಆಮ್ಲಜನಕವನ್ನೆಲ್ಲ ದಾನ ಮಾಡಿತೆಂದೇ ಇಟ್ಟುಕೊಳ್ಳೋಣ. ಅದು ಮಾಡುವುದಿಲ್ಲ, ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಆದರೂ ಇಟ್ಟುಕೊಳ್ಳೋಣ. ಇಡೀ ಒಂದು ಗ್ರಾಮಿಗೆ ಇಪ್ಪತ್ತನಾಲ್ಕು ಸೆಕೆಂಡಿನ ಉಸಿರು! ೧೫೦ ಮಿಲಿಗ್ರಾಮಿನ ಗುಳಿಗೆಗೆ ಮೂರೂವರೆ ಸೆಕೆಂಡು. ಕಿಟಕಿ ತೆರೆದರೆ ಇದಕ್ಕಿಂತ ಹೆಚ್ಚು ಬಂದೀತು, ಅದೂ ಪುಕ್ಕಟೆ.

ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಕೆದಕುವ ಕುರುಹು ಕಂಡಿತು ಎಂಬುದು ನಿಜ. ೨೦೦೦ದಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ, ಶ್ವಾಸಕೋಶದ ಅಪರೂಪದ ಕ್ಯಾನ್ಸರು ಈ ಪುಡಿ ತಿಂದ ರೋಗಿಯೊಬ್ಬರಲ್ಲಿ ಕಾಣದಾಯಿತೆಂಬ ವರದಿಯೂ ಬಂತು. ಒಬ್ಬ ರೋಗಿ. ಒಂದು ನಮೂದು ನೋಡಿ ವರ್ಷದ ಲಾಭ-ನಷ್ಟ ಹೇಳುವ ಲೆಕ್ಕಿಗನನ್ನು ಯಾವ ಶಾಖೆಯಲ್ಲಿಯೂ ಇಟ್ಟುಕೊಳ್ಳುವುದಿಲ್ಲ. ನೂರಾರು ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಪುಡಿ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿ ನೋಡಿ ಕ್ಯಾನ್ಸರಿಗೆ ಗುಣವುಂಟೆಂದು ಸಿದ್ಧಪಡಿಸಿದ್ದಿಲ್ಲ. ದೇಹಕ್ಕೆ ಜರ್ಮೇನಿಯಂ ಅವಶ್ಯವೆಂಬುದಕ್ಕೂ ಆಧಾರವಿಲ್ಲ. ದಿನದ ಊಟದಲ್ಲಿ ೦.೪ರಿಂದ ೧.೫ ಮಿಲಿಗ್ರಾಮಿನವರೆಗೆ ತಾನಾಗಿಯೇ ಬರುತ್ತದೆ, ತಾನಾಗಿಯೇ ಹೋಗುತ್ತದೆ.

ಈಗ ಠೇವಣಿಯ ಸಂಗತಿ. ಕಳೆದ ವರ್ಷ ನಮ್ಮ ಶಾಖೆಯ ಖಾತೆದಾರರೊಬ್ಬರು, ವಿಜಾಪುರದ ಕಡೆಯ ಹಿರಿಯರು, ಕೌಂಟರಿಗೆ ಬಂದರು. ಹೆಸರು ಹೇಳತಕ್ಕದ್ದಲ್ಲ, ಖಾತೆದಾರರ ಗುಟ್ಟು ಕಾಯುವುದು ನಮ್ಮ ಉಪ್ಪಿನ ಋಣ.

“ತಮ್ಮಾ, ಈ ಠೇವು ಮುರದ ಕೊಡಪಾ” ಎಂದರು.

“ಇನ್ನ ನಾಕ ತಿಂಗಳ ತಡದ್ರ ಪೂರಾ ಬಡ್ಡಿ ಬರತೈತ್ರಿ ಕಾಕಾ. ಏನ ಅವಸರ ಬಂತ್ರಿ?”

“ನಿಮ್ಮ ಕಾಕೂನ ಕಿಡ್ನಿ ಸೋತಾವಪಾ. ಜಪಾನದ ಪುಡಿ ಬಂದೈತಿ, ಮೂರ ಡಬ್ಬಿ ತಗೋಬೇಕಂತ. ಆರ್ಗಾನಿಕ್ ಐತಿ, ಬಾಧಿ ಏನೂ ಇಲ್ಲಂತ ಹೇಳ್ಯಾರ.”

ಮೂರು ಡಬ್ಬಿಗೆ ಮೂವತ್ತಾರು ಸಾವಿರ. ಮಾದರಿಯ ಡಬ್ಬಿ ಅವರ ಚೀಲದಲ್ಲಿಯೇ ಇತ್ತು. ಮೇಲೆ ‘ಜರ್ಮೇನಿಯಂ’ ಎಂದಿತ್ತು, ‘ಸಾವಯವ’ ಎಂದಿತ್ತು, ಎಲೆಯ ಚಿತ್ರವಿತ್ತು. ಯಾವ ಸಂಯುಕ್ತ, ಎಷ್ಟು ಶುದ್ಧ, ಯಾರು ಪರೀಕ್ಷಿಸಿದರು ಎಂಬುದಕ್ಕೆ ಒಂದಕ್ಷರವಿಲ್ಲ. ಮಾರಾಟಗಾರರು ಯಾರೆಂಬುದು ಇಲ್ಲಿ ಬೇಡ. ಮೊತ್ತವನ್ನು ಅಂಕಿಯಲ್ಲಿ ಬರೆದು ಅಕ್ಷರದಲ್ಲಿ ಬರೆಯದ ಚೆಕ್ಕನ್ನು ನಾವು ತೆಗೆದುಕೊಳ್ಳುವುದಿಲ್ಲ; ಈ ಡಬ್ಬಿಯ ಮೇಲೆ ಅಂಕಿಯೂ ಇರಲಿಲ್ಲ. ಅದನ್ನು ಮೊದಲು ಕಾಕೂ ಅವರ ಡಾಕ್ಟರಿಗೆ ತೋರಿಸಿ ಬನ್ನಿ, ಚೀಟಿ ಇಲ್ಲೇ ಇರಲಿ ಎಂದು ಕೈಮುಗಿದು ಕೇಳಿಕೊಂಡೆವು. ಆ ಸಂಜೆಯಿಂದ ನಾವು ಈ ವಿಷಯವನ್ನು ಓದತೊಡಗಿದ್ದು.

ಓದಿದಾಗ ತಿಳಿದದ್ದು ಹೀಗೆ. ೧೯೭೦-೮೦ರ ದಶಕಗಳಲ್ಲಿ ಜಪಾನಿನಲ್ಲಿಯೂ ಆಮೇಲೆ ಪಶ್ಚಿಮ ದೇಶಗಳಲ್ಲಿಯೂ ಜರ್ಮೇನಿಯಂ ಸೇವನೆಯ ಹುಚ್ಚು ಹಬ್ಬಿತು. ಬೇಡಿಕೆ ಹೆಚ್ಚಿದಂತೆ, ಜಿಇ-೧೩೨ರ ಬದಲು ಅದರ ಕಚ್ಚಾಮಾಲಾದ ಡೈಆಕ್ಸೈಡನ್ನೇ ತುಂಬಿ ಮಾರಿದವರಿದ್ದರು. ಸರಿಯಾಗಿ ಶುದ್ಧಿ ಮಾಡದೆ ಎರಡೂ ಬೆರೆತದ್ದನ್ನು ಮಾರಿದವರೂ ಇದ್ದರು. ಎರಡೂ ಬಿಳಿಯ ಪುಡಿಯೇ. ಕಣ್ಣಿಗೆ ಭೇದವಿಲ್ಲ. ಒಂದರಲ್ಲಿ ನೂರಕ್ಕೆ ೪೩ ಪಾಲು ಜರ್ಮೇನಿಯಂ, ಇನ್ನೊಂದರಲ್ಲಿ ೬೯. ಇದನ್ನು ಹೇಳುವುದು ಪ್ರಯೋಗಶಾಲೆಗೆ ಮಾತ್ರ ಸಾಧ್ಯ. ತಿಂದವರ ಮೂತ್ರಪಿಂಡಗಳು ಕೆಟ್ಟವು. ೧೯೯೭ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅಂಥ ೩೧ ಪ್ರಕರಣಗಳನ್ನು ಒಟ್ಟುಮಾಡಿತು. ಅವರಲ್ಲಿ ಸತ್ತವರೂ ಇದ್ದಾರೆ. ಎರಡು ತಿಂಗಳಿಂದ ಮೂರು ವರ್ಷದವರೆಗೆ ಸೇವಿಸಿದವರು, ಒಟ್ಟು ೧೫ ಗ್ರಾಮಿನಿಂದ ೩೦೦ ಗ್ರಾಮಿಗೂ ಮೀರಿ ನುಂಗಿದವರು. ರಕ್ತಹೀನತೆ, ಸ್ನಾಯುಗಳ ನಿಶ್ಶಕ್ತಿ, ಕೈಕಾಲು ಜೋಮು ಸಂಗಡಲೇ ಬಂದವು. ಈ ವ್ಯಾಧಿಯ ಕಪಟ ಎಂಥದೆಂದರೆ, ಮೂತ್ರಪಿಂಡದ ಬೇರೆ ರೋಗಗಳಲ್ಲಿ ಮೂತ್ರದಲ್ಲಿ ಸಸಾರಜನಕವೋ ರಕ್ತವೋ ಕಾಣಿಸಿಕೊಂಡು ಮುನ್ಸೂಚನೆ ಕೊಡುವುದುಂಟು. ಇಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನೈನ್ ಏರಿದ್ದು ಕಂಡಾಗಲೇ ತಿಳಿಯುವುದು. ಪುಡಿ ನಿಲ್ಲಿಸಿದ ಮೇಲೂ ಚೇತರಿಕೆ ನಿಧಾನ, ಅದೂ ಪೂರ್ತಿಯಲ್ಲ. ಅಮೆರಿಕದ ಸರಕಾರ ೧೯೮೮ರಲ್ಲಿಯೇ ಇಂಥ ಸರಕನ್ನು ಬಂದರಿನಲ್ಲಿ ತಡೆಹಿಡಿಯಲು ಆಜ್ಞೆ ಹೊರಡಿಸಿತು.

ಶುದ್ಧವಾದ ಜಿಇ-೧೩೨ ಡೈಆಕ್ಸೈಡಿನಷ್ಟು ಕ್ರೂರವಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ತಿಂದದ್ದರಲ್ಲಿ ಹೆಚ್ಚಿನ ಪಾಲು ಕರುಳಿನಿಂದ ಹಾಗೆಯೇ ಹೊರಗೆ ಹೋಗುತ್ತದೆ. ರಕ್ತಕ್ಕೆ ಇಳಿದದ್ದು ಮೂತ್ರದಲ್ಲಿ ಬೇಗನೆ ಬೀಳುತ್ತದೆ. ಆದರೆ ಆ ಬೀಳಿಸುವ ಕೆಲಸ ಯಾರದು? ಮೂತ್ರಪಿಂಡಗಳದ್ದೇ. ಅವೇ ಸೋತ ಮುದುಕಿಗೆ, ಶುದ್ಧಿಯ ಖಾತರಿಯಿಲ್ಲದ ಈ ಪುಡಿಯನ್ನು ಮೂತ್ರಪಿಂಡದ ಔಷಧಿಯೆಂದು ಮಾರಲು ಹೊರಟಿದ್ದರಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

‘ಸಾವಯವ’ ಎಂಬ ಶಬ್ದದ ಮೇಲೂ ಒಂದು ಮಾತು ಹೇಳಲೇಬೇಕು. ಕನ್ನಡ ಸಂಘದಲ್ಲಿ ಶಬ್ದದ ವಿಚಾರ ಅಧಿಕಪ್ರಸಂಗವಾಗಲಾರದು. ಸಾವಯವ ಗೊಬ್ಬರ, ಸಾವಯವ ಬೆಲ್ಲ, ಸಾವಯವ ಅಕ್ಕಿ ಎಂದು ಕೇಳಿ ಕೇಳಿ ನಮ್ಮ ಕಿವಿಗೆ ಅದು ‘ನಿರಪಾಯ’ ಎಂಬುದರ ಪರ್ಯಾಯವಾಗಿಬಿಟ್ಟಿದೆ. ರಸಾಯನಶಾಸ್ತ್ರದಲ್ಲಿ ಆ ಶಬ್ದಕ್ಕೆ ಇಂಗಾಲದ ಸಂಯುಕ್ತ ಎಂಬುದರ ಹೊರತು ಬೇರೆ ಅರ್ಥವಿಲ್ಲ, ಪುಣ್ಯವೂ ಇಲ್ಲ ಪಾಪವೂ ಇಲ್ಲ. ಜಪಾನಿನ ಮಿನಮಾಟಾ ಊರಿನಲ್ಲಿ ೧೯೫೬ರಲ್ಲಿ ಬೆಳಕಿಗೆ ಬಂದ ಘೋರ ವ್ಯಾಧಿಗೆ ಕಾರಣವಾದದ್ದು ಸಾವಯವ ಪಾದರಸ. ಪೆಟ್ರೋಲಿಗೆ ಬೆರೆಸುತ್ತಿದ್ದು ನಮ್ಮ ದೇಶದಲ್ಲಿ ೨೦೦೦ದಲ್ಲಿ ನಿಲ್ಲಿಸಿದ್ದು ಸಾವಯವ ಸೀಸ. ಫ್ರಾನ್ಸಿನಲ್ಲಿ ೧೯೫೪ರಲ್ಲಿ ಕುರುವಿಗೆಂದು ಮಾರಿದ ‘ಸ್ಟಾಲಿನಾನ್’ ಗುಳಿಗೆಯಿಂದ ಸುಮಾರು ನೂರು ಜನ ಸತ್ತರು. ಅದರಲ್ಲಿದ್ದದ್ದು ಸಾವಯವ ತವರ. ಮೆಂಡಲೀವರ ಕೋಷ್ಟಕದಲ್ಲಿ ಜರ್ಮೇನಿಯಮ್ಮಿನ ಕೆಳಗಿನ ಮನೆಯೇ ತವರ, ಅದರ ಕೆಳಗೆ ಸೀಸ. ನೆರೆಹೊರೆ ಕೆಟ್ಟದ್ದೆಂದು ಈ ಮನೆಯವರನ್ನೂ ದೂರುವುದು ನ್ಯಾಯವಲ್ಲ. ಆದರೆ ಬಾಗಿಲ ಮೇಲಿನ ‘ಸಾವಯವ’ ಎಂಬ ಫಲಕ ನೋಡಿ ನಂಬುವಂತೆಯೂ ಇಲ್ಲ.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಕ್ಯಾನ್ಸರು, ಮಧುಮೇಹ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು ೧೯೫೪ರ ಶಾಸನದಂತೆ ಅಪರಾಧ. ಪೌಷ್ಟಿಕ ಪುಡಿಗಳ ಡಬ್ಬಿಯ ಮೇಲೆ ‘ಔಷಧೋಪಯೋಗಕ್ಕಲ್ಲ’ ಎಂದು ಎದ್ದು ಕಾಣುವಂತೆ ಅಚ್ಚು ಹಾಕಬೇಕೆಂದು ಆಹಾರ ಪ್ರಾಧಿಕಾರದ ನಿಯಮವುಂಟು. ಆದುದರಿಂದ ಜಾಣರು ಡಬ್ಬಿಯ ಮೇಲೆ ಬರೆಯುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ಅಥವಾ ಮೊಬೈಲಿನಲ್ಲಿ ಬಂಧುಬಳಗದ ಕೂಟಕ್ಕೆ ಹರಿಬಿಡುತ್ತಾರೆ. ಪರಊರಿನಲ್ಲಿ ಕನ್ನಡದಲ್ಲಿ ಒಂದು ಸಂದೇಶ ಬಂದರೆ ನಮ್ಮವರದೇ ಎಂದು ನಾವು ಅರ್ಧ ನಂಬಿಯೇ ಓದುತ್ತೇವೆ, ಅದು ಮಾರುವವರಿಗೂ ಗೊತ್ತು. ಡಬ್ಬಿ ಮನೆಗೆ ಬಂದೇಬಿಟ್ಟಿದ್ದರೆ ಮಾಡಬೇಕಾದ್ದು ಕಷ್ಟದ್ದಲ್ಲ. ಸಂಯುಕ್ತದ ಪೂರ್ಣ ಹೆಸರಿದೆಯೆ, ಡೈಆಕ್ಸೈಡ್ ಎಷ್ಟಿದೆಯೆಂಬ ಪರೀಕ್ಷಾಪತ್ರವಿದೆಯೆ ಎಂದು ಕೇಳಿ. ಪತ್ರವಿದ್ದರೂ ಚಿಕಿತ್ಸೆ ಮಾಡುವ ಡಾಕ್ಟರಿಗೆ ತೋರಿಸದೆ ಮುಚ್ಚಳ ತೆಗೆಯಬೇಡಿ. ಈಗಾಗಲೇ ತಿನ್ನುತ್ತಿರುವವರಿದ್ದರೆ ನಿಲ್ಲಿಸಿ ಒಂದು ಕ್ರಿಯಾಟಿನೈನ್ ಪರೀಕ್ಷೆ ಮಾಡಿಸಿ. ಖರ್ಚು ಡಬ್ಬಿಯ ಬೆಲೆಯ ಅಲ್ಪ ಭಾಗ.

ಕಾಕಾ ಅವರು ಡಾಕ್ಟರ ಬಳಿ ಹೋದರು. ಡಾಕ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಮಾತಾಡದೆ ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡುಬಿಟ್ಟರಂತೆ. ಠೇವಣಿ ಕೊನೆಗೂ ಅವಧಿಗೆ ಮುಂಚೆಯೇ ಮುರಿಯಿತು, ಡಯಾಲಿಸಿಸ್ಸಿನ ಖರ್ಚಿಗೆ. ಚೀಟಿಯ ಮೇಲೆ ಠಸ್ಸೆ ಒತ್ತಿದವರು ನಾವೇ. ಕಾಕೂ ಅವರು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿಬರುತ್ತಾರೆ. ಹೋದ ತಿಂಗಳು ನಮ್ಮ ಕೂಟಕ್ಕೂ ಬಂದಿದ್ದರು.

ಭಾಷಣಕ್ಕೆ ಮುಂಚೆಯೇ ಮಹಿಳಾ ವಿಭಾಗದವರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರಿಸಿ ಕುಳಿತುಕೊಳ್ಳುತ್ತೇವೆ. ಬೆಳ್ಳುಳ್ಳಿಯಲ್ಲಿ ಜರ್ಮೇನಿಯಂ ತುಂಬಿದೆಯೆಂದು ಅಸಾಯಿಯವರು ಬರೆದಿದ್ದಾರಲ್ಲ, ಹಾಗಾದರೆ ಬೆಳ್ಳುಳ್ಳಿಯನ್ನು ಬಿಡಬೇಕೆ ಎಂಬುದು ಪ್ರಶ್ನೆ. ಬೇಡಿ. ಆಮೇಲೆ ಸೂಕ್ಷ್ಮವಾಗಿ ಅಳೆದವರಿಗೆ ಬೆಳ್ಳುಳ್ಳಿಯಲ್ಲಿ ಕಂಡದ್ದು ಲೇಶಮಾತ್ರ, ಅಸಾಯಿಯವರ ಅಂಕಿಯ ಹತ್ತಿರಕ್ಕೂ ಅದು ಸುಳಿಯಲಿಲ್ಲ. ಶೇಂಗಾ ಚಟ್ನಿಗೆ ಎಷ್ಟು ಎಸಳು ಹಾಕಬೇಕೆಂಬುದನ್ನು ತಮ್ಮ ತಮ್ಮ ಅತ್ತೆಯವರನ್ನೇ ಕೇಳಿಕೊಳ್ಳಬಹುದು.